ವಿದ್ಯುತ್ ಒಲೆಯಲ್ಲಿ ಮಿತವ್ಯಯದ ಅಡಿಗೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಲ್ಲಿ ವಿದ್ಯುತ್ ಒಲೆಯು ಇಂದು ಅಡಿಗೆಮನೆಯ ಅಂಗವಾಗಿದೆ. ಉದ್ಯೋಗ ಅಥವಾ ವ್ಯಾಸಂಗಕ್ಕಾಗಿ ಹೊಸದಾಗಿ ಊರು ಸೇರಿ ಬಾಡಿಗೆಯ ಕೋಣೆಯಲ್ಲಿರುವವರಿಗೆ ಅನಿಲ ಸಂಪರ್ಕ ದೊರೆಯುವವರೆಗೆ ಅದೇ ಆಧಾರ. ಅನಿಲದ ಒಲೆ ಇರುವ ಮನೆಗಳಲ್ಲಿಯೂ ಹಾಲು ಕಾಯಿಸಲು, ಅನ್ನ ಮಾಡಲು ವಿದ್ಯುತ್ ಒಲೆಯನ್ನು ಬಳಸುವುದುಂಟು.

ಆದರೆ ತಿಂಗಳ ಬಿಲ್ಲು ಕೈಗೆ ಬಂದಾಗ ಹಲವರು ಬೆಚ್ಚಿಬೀಳುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಗೃಹಬಳಕೆಯ ವಿದ್ಯುತ್ತಿಗೆ ಹಂತ ಹಂತವಾಗಿ ಏರುವ ದರವಿದೆ. ದೀಪ, ಫ್ಯಾನು, ಶೀತಕಪೆಟ್ಟಿಗೆಗಳ ಬಳಕೆಯ ಜೊತೆಗೆ ಒಲೆಯ ಬಳಕೆ ಸೇರಿದಾಗ ಕೊನೆಯ ಯೂನಿಟ್ಟುಗಳು ಮೇಲಿನ ಹಂತದ ದುಬಾರಿ ದರಕ್ಕೆ ಸಿಲುಕುತ್ತವೆ. ಇಂತಹ ಸಂದರ್ಭದಲ್ಲಿ ದೋಷವನ್ನು ಒಲೆಯ ಮೇಲೆ ಹೊರಿಸುವುದು ವಾಡಿಕೆ. ವಾಸ್ತವವಾಗಿ ಒಂದು ಬಗೆಯ ಒಲೆಗೂ ಇನ್ನೊಂದು ಬಗೆಯ ಒಲೆಗೂ ಇರುವ ಅಂತರಕ್ಕಿಂತ, ಅದೇ ಒಲೆಯನ್ನು ಅರಿತು ಬಳಸುವುದಕ್ಕೂ ಅರಿಯದೆ ಬಳಸುವುದಕ್ಕೂ ಇರುವ ಅಂತರವೇ ದೊಡ್ಡದು. ಇದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು.

ಶಾಖದ ಲೆಕ್ಕ

1000 ವಾಟ್ ಸಾಮರ್ಥ್ಯದ ಒಲೆಯು ಒಂದು ಗಂಟೆ ಉರಿದರೆ ಒಂದು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ, ಅಂದರೆ ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖ ಸುಮಾರು 0.09 ಯೂನಿಟ್ ಮಾತ್ರ. ಅದೇ ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿಯಾಗಿಸಲು ಸುಮಾರು 0.63 ಯೂನಿಟ್ ಬೇಕು. ಎಂದರೆ ನೀರನ್ನು ಕಾಯಿಸುವುದಕ್ಕೆ ತಗಲುವುದರ ಏಳು ಪಟ್ಟು ಶಾಖವು ಅದನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ. ಪಾತ್ರೆಯಿಂದ ಮೇಲೇಳುವ ಆವಿಯೊಡನೆ ಮನೆಯವರ ಹಣವೂ ಹಾರಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಅದರ ಉಷ್ಣತೆ ಏರುವುದಿಲ್ಲ. ಸಮುದ್ರಮಟ್ಟದಲ್ಲಿರುವ ಮುಂಬಯಿ, ಚೆನ್ನೈಗಳಲ್ಲಿ ಅದು 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಒಲೆಯ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಈ ಅಂಕೆ ಮೇಲೇರದು. ಕೊತಕೊತನೆ ಕುದಿಯುವ ನೀರಿನಲ್ಲಿ ಬೇಳೆ ಬೇಯುವುದಕ್ಕೂ, ಸಣ್ಣಗೆ ಕುದಿಯುವ ನೀರಿನಲ್ಲಿ ಬೇಯುವುದಕ್ಕೂ ಹಿಡಿಯುವ ಕಾಲ ಹೆಚ್ಚು ಕಡಿಮೆ ಒಂದೇ. ಬಿರುಸಿನ ಕುದಿತದಿಂದ ಆಗುವುದು ಆವಿಯ ಹೆಚ್ಚಳವೇ ಹೊರತು ಅಡಿಗೆಯ ವೇಗವಲ್ಲ.

ಒಂದು ಉದಾಹರಣೆ

250 ಗ್ರಾಂ ತೊಗರಿಬೇಳೆಯನ್ನು ಒಂದೂವರೆ ಲೀಟರ್ ನೀರಿನಲ್ಲಿ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಬೇಯಿಸುವುದಾಗಿ ಭಾವಿಸಬಹುದು. ನೀರು ಕುದಿಗೆ ಬರುವವರೆಗೆ ಸುಮಾರು 0.19 ಯೂನಿಟ್ ಖರ್ಚಾಗುತ್ತದೆ. ಆ ಬಳಿಕ 40 ನಿಮಿಷಗಳ ಕಾಲ ಒಲೆಯನ್ನು 1000 ವಾಟ್‌ನಲ್ಲಿಯೇ ಬಿಟ್ಟರೆ 0.67 ಯೂನಿಟ್ ಆಗುತ್ತದೆ. ಒಟ್ಟು ಖರ್ಚು ಸುಮಾರು 0.85 ಯೂನಿಟ್. ಈ ಅವಧಿಯಲ್ಲಿ ಸುಮಾರು ಮುಕ್ಕಾಲು ಲೀಟರ್ ನೀರು ಆವಿಯಾಗುವುದರಿಂದ ನಡುನಡುವೆ ನೀರು ಸೇರಿಸುತ್ತಲೇ ಇರಬೇಕಾಗುತ್ತದೆ.

ಅದೇ ಪಾತ್ರೆಗೆ ಸರಿಯಾದ ಮುಚ್ಚಳವಿಟ್ಟು, ಕುದಿ ಬಂದೊಡನೆ ಉರಿಯನ್ನು 300 ವಾಟ್‌ಗೆ ಇಳಿಸಿದರೆ ಆ 40 ನಿಮಿಷಗಳ ಖರ್ಚು 0.20 ಯೂನಿಟ್‌ಗೆ ಇಳಿಯುತ್ತದೆ. ಒಟ್ಟು ಸುಮಾರು 0.40 ಯೂನಿಟ್. ಬೇಳೆಯನ್ನು ಒಂದು ಲೀಟರ್ ನೀರಿನೊಂದಿಗೆ ಪ್ರೆಶರ್ ಕುಕ್ಕರಿನಲ್ಲಿಟ್ಟು, ಒತ್ತಡ ಬಂದ ಮೇಲೆ 10 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿದರೆ ಒಟ್ಟು ಖರ್ಚು ಸುಮಾರು 0.25 ಯೂನಿಟ್ ಮಾತ್ರ.

ಒಲೆಯೂ ಬೇಳೆಯೂ ಬದಲಾಗಲಿಲ್ಲ. ಖರ್ಚು ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಯಿತು. ದಿನಕ್ಕೆ 0.60 ಯೂನಿಟ್ ಉಳಿದರೆ ತಿಂಗಳಿಗೆ 18 ಯೂನಿಟ್. ಇದು ಬೇಳೆಯೊಂದರ ಲೆಕ್ಕ.

ಮೂರು ಬಗೆಯ ಒಲೆಗಳು

ಮನೆಗಳಲ್ಲಿ ಬಳಕೆಯಲ್ಲಿರುವ ವಿದ್ಯುತ್ ಒಲೆಗಳನ್ನು ಸ್ಥೂಲವಾಗಿ ಮೂರು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ತಂತಿಸುರುಳಿಯ ಒಲೆ. ಸುರುಳಿಯು ಕೆಂಪಾಗಿ ಕಾದು ಪಾತ್ರೆಗೆ ಶಾಖ ಕೊಡುತ್ತದೆ. ಎರಡನೆಯದು ಮುಚ್ಚಿದ ತಟ್ಟೆಯ ಒಲೆ, ಅಂದರೆ ಹಾಟ್ ಪ್ಲೇಟ್. ಇದರಲ್ಲಿ ಸುರುಳಿಯು ಬೀಡುಕಬ್ಬಿಣದ ತಟ್ಟೆಯ ಒಳಗೆ ಅಡಗಿರುತ್ತದೆ. ದಪ್ಪ ತಟ್ಟೆಯು ತಾನು ಕಾಯುವುದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ; ಹಾಗೆಯೇ ಆರುವುದಕ್ಕೂ ಬಹಳ ಹೊತ್ತು ಬೇಕು. ಆದುದರಿಂದ ಒಂದು ಲೋಟ ಚಹಾದಂತಹ ಚಿಕ್ಕ ಕೆಲಸಕ್ಕೆ ಇದು ಲಾಭಕರವಲ್ಲ. ಒಂದರ ಹಿಂದೊಂದು ಅಡಿಗೆಗಳನ್ನು ಮಾಡುವಾಗ ಉಪಯುಕ್ತ.

ಮೂರನೆಯದು ಇಂಡಕ್ಷನ್ ಒಲೆ. ಇದರ ಗಾಜಿನ ಹಾಸಿನ ಕೆಳಗೆ ತಾಮ್ರದ ಸುರುಳಿಯಿದೆ. ಮನೆಗೆ ಸೆಕೆಂಡಿಗೆ 50 ಆವರ್ತನಗಳಲ್ಲಿ ಬರುವ ವಿದ್ಯುತ್ತನ್ನು ಒಲೆಯೊಳಗಿನ ಉಪಕರಣವು 20 ಸಾವಿರಕ್ಕೂ ಹೆಚ್ಚು ಆವರ್ತನಗಳಿಗೆ ಪರಿವರ್ತಿಸುತ್ತದೆ. ಆಗ ಉಂಟಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿಯೇ ವಿದ್ಯುತ್ ಪ್ರವಾಹವನ್ನು ಪ್ರೇರಿಸಿ ಅದನ್ನು ಕಾಯಿಸುತ್ತದೆ. ಗಾಜು ಕಾಯುವುದು ಪಾತ್ರೆಯ ಬಿಸಿಯಿಂದಲೇ ಹೊರತು ತಾನಾಗಿ ಅಲ್ಲ.

ಸುರುಳಿ ಮತ್ತು ತಟ್ಟೆಯ ಒಲೆಗಳಲ್ಲಿ ಖರ್ಚಾದ ವಿದ್ಯುತ್ತಿನ ಶೇಕಡಾ 65ರಿಂದ 75ರಷ್ಟು, ಇಂಡಕ್ಷನ್ ಒಲೆಯಲ್ಲಿ ಶೇಕಡಾ 80ರಿಂದ 90ರಷ್ಟು ಶಾಖವು ಪಾತ್ರೆಗೆ ಸೇರುತ್ತದೆ ಎಂದು ಸಾಮಾನ್ಯವಾಗಿ ಎಣಿಸಬಹುದು. ಹೊಸ ಒಲೆ ಕೊಳ್ಳುವವರಿಗೆ ಇಂಡಕ್ಷನ್ ಒಲೆಯೇ ಮೇಲು. ಆದರೆ ಮನೆಯಲ್ಲಿ ಈಗಾಗಲೇ ಇರುವ ಒಲೆಯನ್ನು ಬಿಸುಡಬೇಕಾದ ಅಗತ್ಯವಿಲ್ಲ. ಮುಚ್ಚಳದಿಂದ ಆಗುವ ಉಳಿತಾಯ ಒಲೆಯ ಬದಲಾವಣೆಯಿಂದ ಆಗುವ ಉಳಿತಾಯಕ್ಕಿಂತ ಹೆಚ್ಚು ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಪಾತ್ರೆಯ ಆಯ್ಕೆ

ಪಾತ್ರೆಯ ತಳ ಸಮತಟ್ಟಾಗಿರಬೇಕು. ತಳ ಉಬ್ಬಿದ ಅಥವಾ ನೆಗ್ಗಿದ ಪಾತ್ರೆಯು ತಟ್ಟೆಯ ಒಲೆಯನ್ನು ಅಲ್ಲಲ್ಲಿ ಮಾತ್ರ ಸ್ಪರ್ಶಿಸುತ್ತದೆ. ನಡುವಿನ ಗಾಳಿಯ ಪದರವು ಶಾಖವನ್ನು ತಡೆಯುತ್ತದೆ. ದುಂಡು ತಳದ ಬಾಣಲೆಯು ಅನಿಲದ ಜ್ವಾಲೆಗೆ ಒಗ್ಗುತ್ತದೆಯೇ ಹೊರತು ವಿದ್ಯುತ್ ಒಲೆಗಲ್ಲ.

ಪಾತ್ರೆಯ ಅಗಲ ಒಲೆಯ ತಟ್ಟೆಯ ಅಗಲಕ್ಕೆ ಸಮನಾಗಿರಬೇಕು, ಇಲ್ಲವೆ ತುಸು ಹೆಚ್ಚಿರಬೇಕು. 20 ಸೆಂಟಿಮೀಟರ್ ಅಗಲದ ತಟ್ಟೆಯ ಮೇಲೆ 15 ಸೆಂಟಿಮೀಟರ್ ಅಗಲದ ಪಾತ್ರೆಯನ್ನಿಟ್ಟರೆ ತಟ್ಟೆಯ ಶೇಕಡಾ 44ರಷ್ಟು ಭಾಗ ಬರಿದಾಗಿ ಉಳಿದು ಅಡಿಗೆಮನೆಯ ಗಾಳಿಯನ್ನು ಕಾಯಿಸುತ್ತದೆ. ಬೇಸಿಗೆಯಲ್ಲಿ ಆ ಬಿಸಿಯನ್ನು ಹೋಗಲಾಡಿಸಲು ಫ್ಯಾನಿಗೆ ಮತ್ತೆ ವಿದ್ಯುತ್ ಬೇಕಾಗುತ್ತದೆ.

ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ತಳದ ಪಾತ್ರೆಯೇ ಆಗಬೇಕು. ಕಬ್ಬಿಣ, ಬೀಡುಕಬ್ಬಿಣ ಹಾಗೂ ಇಂಡಕ್ಷನ್‌ಗೆ ಯೋಗ್ಯವಾದ ತಳವುಳ್ಳ ಸ್ಟೀಲ್ ಪಾತ್ರೆಗಳು ಸರಿಹೊಂದುತ್ತವೆ. ಬರಿಯ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳು, ಮಣ್ಣಿನ ಹೆಂಚು, ಕಲ್ಲಿನ ಮರಿಗೆ ಇವು ಅದರ ಮೇಲೆ ಕಾಯುವುದಿಲ್ಲ. ಪೇಟೆಗೆ ಹೋಗುವಾಗ ಚಿಕ್ಕ ಅಯಸ್ಕಾಂತವೊಂದನ್ನು ಜೊತೆಯಲ್ಲಿ ಕೊಂಡೊಯ್ದರೆ ಮೋಸಹೋಗುವ ಸಂಭವವಿಲ್ಲ.

ಕುಕ್ಕರಿನ ಸದ್ಬಳಕೆ

ಪ್ರೆಶರ್ ಕುಕ್ಕರಿನೊಳಗೆ ಆವಿಯ ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಅಡಿಗೆ ಬೇಗ ಬೇಯುವುದು ಈ ಕಾರಣದಿಂದ. ಕುಕ್ಕರು ಕೂಗುವುದೆಂದರೆ ಅಗತ್ಯಕ್ಕಿಂತ ಹೆಚ್ಚಾದ ಆವಿ ಹೊರಬೀಳುವುದು. ಐದಾರು ಕೂಗುಗಳನ್ನು ಎಣಿಸುವ ಪದ್ಧತಿಯಿಂದ ವಿದ್ಯುತ್ ವ್ಯರ್ಥವಾಗುತ್ತದೆ. ಮೊದಲ ಕೂಗು ಬಂದೊಡನೆ ಉರಿಯನ್ನು ತಗ್ಗಿಸಿ, ಗಡಿಯಾರ ನೋಡಿ ಬೇಯಿಸುವುದೇ ಸರಿಯಾದ ಕ್ರಮ.

ಕುಕ್ಕರಿನೊಳಗೆ ಪ್ರತ್ಯೇಕ ಪಾತ್ರೆಗಳನ್ನು ಒಂದರ ಮೇಲೊಂದಿಟ್ಟು ಬೇಳೆ, ಅನ್ನ, ತರಕಾರಿಗಳನ್ನು ಒಮ್ಮೆಗೇ ಬೇಯಿಸಬಹುದು. ತಳದ ನೀರು ತಯಾರಕರು ಹೇಳಿದ ಪ್ರಮಾಣದಷ್ಟಿದ್ದರೆ ಸಾಕು. ಸುತ್ತಲಿನ ರಬ್ಬರ್ ಬಳೆ ಸಡಿಲವಾಗಿದ್ದರೆ ಆವಿ ಸೋರಿ ಒತ್ತಡ ಬರಲು ತಡವಾಗುತ್ತದೆ; ಅಂತಹ ಬಳೆಯನ್ನು ಕೂಡಲೆ ಬದಲಾಯಿಸತಕ್ಕದ್ದು. ಒಲೆಯನ್ನು ಆರಿಸಿದ ಮೇಲೆಯೂ ಒತ್ತಡ ತಾನಾಗಿ ಇಳಿಯುವವರೆಗೆ ಒಳಗಿನ ಪದಾರ್ಥ ಬೇಯುತ್ತಲೇ ಇರುತ್ತದೆ. ತಣ್ಣೀರು ಸುರಿದು ಒತ್ತಡ ಇಳಿಸಿದರೆ ಈ ಶಾಖವೆಲ್ಲ ನಷ್ಟವಾಗುತ್ತದೆ.

ಒಲೆ ಹೊತ್ತಿಸುವ ಮುನ್ನ

ಉಳಿತಾಯದ ಅರ್ಧ ಕೆಲಸ ಒಲೆಯ ಗುಂಡಿಯನ್ನು ಒತ್ತುವ ಮೊದಲೇ ಮುಗಿಯುತ್ತದೆ. ಕಡಲೆ, ಅವರೆ, ಹುರುಳಿ ಮುಂತಾದ ಕಾಳುಗಳನ್ನು ಹಿಂದಿನ ರಾತ್ರಿ ನೆನೆಹಾಕಿದರೆ ಬೇಯುವ ಕಾಲ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ. ಅಕ್ಕಿ, ಬೇಳೆಗಳನ್ನು ಅರ್ಧ ಗಂಟೆ ನೆನೆಸಿದರೂ ಪ್ರಯೋಜನವಿದೆ. ತರಕಾರಿಯನ್ನು ಹೆಚ್ಚುವುದು, ಮಸಾಲೆ ರುಬ್ಬುವುದು ಮುಗಿದ ಮೇಲೆಯೇ ಒಲೆ ಹೊತ್ತಿಸಬೇಕು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಾಗ ಈರುಳ್ಳಿ ಸುಲಿಯಲು ಕುಳಿತರೆ ವಿದ್ಯುತ್ತೂ ಪೋಲು, ಅಪಾಯವೂ ಉಂಟು.

ಊರು ಬದಲಾಯಿಸಿದವರು, ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲವೆಂದು ಹೇಳುವುದುಂಟು. ಇದಕ್ಕೆ ಕಾರಣ ಒಲೆಯಲ್ಲ, ಅನೇಕ ವೇಳೆ ನೀರು. ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಬೇಳೆ ಮೃದುವಾಗುವುದನ್ನು ತಡೆಯುತ್ತದೆ. ಬೇಳೆ ಬೇಯಿಸುವುದಕ್ಕೆ ಮಾತ್ರ ಕುಡಿಯುವ ಮೆದುನೀರನ್ನು ಬಳಸಿದರೆ ಈ ತೊಂದರೆ ನೀಗುತ್ತದೆ. ಹುಳಿಯೂ ಇದೇ ಬಗೆಯ ಅಡ್ಡಿ ಉಂಟುಮಾಡುವುದರಿಂದ ಸಾರು, ಹುಳಿಗಳಿಗೆ ಹುಣಿಸೆರಸವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಸೇರಿಸಬೇಕು. ಟೊಮೆಟೊಗೂ ಇದೇ ನಿಯಮ ಅನ್ವಯಿಸುತ್ತದೆ.

ಹೆಚ್ಚು ನೀರಿಟ್ಟು ಅನ್ನ ಬಸಿಯುವ ಪದ್ಧತಿಯಲ್ಲಿ, ಕಾಯಿಸಿದ ನೀರಿನ ಶಾಖವು ಗಂಜಿಯೊಡನೆ ಹೊರಹೋಗುತ್ತದೆ. ಅಕ್ಕಿಗೆ ತಕ್ಕಷ್ಟೇ ನೀರಿಟ್ಟು ಇಂಗಿಸುವುದು ಮೇಲು. ಬಸಿಯಲೇಬೇಕಾದರೆ ಗಂಜಿಯನ್ನು ಸಾರಿಗೆ ಉಪಯೋಗಿಸಬಹುದು.

ಉಳಿಕೆಯ ಶಾಖ

ತಟ್ಟೆಯ ಒಲೆಯನ್ನು ಅಡಿಗೆ ಮುಗಿಯುವ ಐದು ನಿಮಿಷ ಮೊದಲೇ ಆರಿಸಬಹುದು. ಕಾದ ಕಬ್ಬಿಣವೇ ಉಳಿದ ಕೆಲಸವನ್ನು ಪೂರೈಸುತ್ತದೆ. ಇಂಡಕ್ಷನ್ ಒಲೆಯಲ್ಲಿ ಒಲೆಗೆ ಇಂತಹ ಶಾಖದ ದಾಸ್ತಾನಿಲ್ಲ. ಅಲ್ಲಿ ಪಾತ್ರೆಯೊಳಗಿನ ಶಾಖವನ್ನೇ ಕಾಪಾಡಬೇಕು.

ಇದಕ್ಕೆ ಸುಲಭವಾದ ಉಪಾಯವಿದೆ. ಅನ್ನ ಅಥವಾ ಬೇಳೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕೆಲವು ನಿಮಿಷ ಚೆನ್ನಾಗಿ ಕುದಿಸಿ, ಒಲೆಯಿಂದಿಳಿಸಿ, ಮುಚ್ಚಳ ತೆರೆಯದೆ ದಪ್ಪ ಕಂಬಳಿಯಲ್ಲಿ ಸುತ್ತಿ ಅಥವಾ ಶಾಖ ಹಿಡಿದಿಡುವ ಡಬ್ಬಿಯಲ್ಲಿಟ್ಟರೆ, ಅದು ತನ್ನ ಶಾಖದಿಂದಲೇ ಬೇಯುತ್ತದೆ. ಹೊಟ್ಟು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪಾತ್ರೆಯನ್ನಿಡುತ್ತಿದ್ದ ಹಳೆಯ ವಿಧಾನದ ತತ್ತ್ವವೂ ಇದೇ. ಎರಡು ಎಚ್ಚರಿಕೆಗಳು ಅವಶ್ಯ. ಆಹಾರವು 60 ಡಿಗ್ರಿಗಿಂತ ಕೆಳಗೆ ಆರುವ ಮೊದಲೇ ಅದನ್ನು ಬಡಿಸಬೇಕು ಅಥವಾ ಮತ್ತೆ ಕಾಯಿಸಬೇಕು. ಉತ್ತರ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ರಾಜ್ಮಾ ಕಾಳನ್ನು ಈ ರೀತಿ ಬೇಯಿಸಕೂಡದು. ಅದರಲ್ಲಿರುವ ವಿಷಾಂಶವು ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿಯೇ ಅದನ್ನು ಬೇಯಿಸಬೇಕು.

ಮುದ್ದೆ, ರೊಟ್ಟಿ, ಇಡ್ಲಿ

ಕನ್ನಡಿಗರ ಮನೆಯ ಕೆಲವು ಅಡಿಗೆಗಳಿಗೆ ವಿದ್ಯುತ್ ಒಲೆಯಲ್ಲಿ ಸ್ವಲ್ಪ ಭಿನ್ನವಾದ ಕ್ರಮ ಬೇಕಾಗುತ್ತದೆ. ರಾಗಿಮುದ್ದೆಗೆ ನೀರನ್ನು ಮುಚ್ಚಿಟ್ಟು ಕುದಿಸಿ, ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಆದರೆ ಕೋಲಿನಿಂದ ಒತ್ತಿ ತಿರುವುವ ಕೆಲಸವನ್ನು ಇಂಡಕ್ಷನ್ ಒಲೆಯ ಗಾಜಿನ ಮೇಲೆ ಮಾಡಕೂಡದು, ಗಾಜು ಬಿರಿಯಬಹುದು. ಪಾತ್ರೆಯನ್ನು ಕೆಳಗಿಳಿಸಿ ಮಣೆಯ ಮೇಲಿಟ್ಟು ತಿರುವಬೇಕು. ಹಿಟ್ಟಿನ ಬಿಸಿಯೇ ಆ ವೇಳೆಗೆ ಸಾಕಾಗುತ್ತದೆ.

ಜೋಳದ ರೊಟ್ಟಿ ಸುಡುವುದಕ್ಕೆ ಸಮತಟ್ಟಾದ ಕಬ್ಬಿಣದ ತವೆ ಯೋಗ್ಯ. ಜ್ವಾಲೆಯಿಲ್ಲದ ಕಾರಣ ರೊಟ್ಟಿಯನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ ಉಬ್ಬಿಸಬೇಕಾಗುತ್ತದೆ. ತವೆಯು ಒಮ್ಮೆ ಕಾದ ಮೇಲೆ ಎಲ್ಲ ರೊಟ್ಟಿಗಳನ್ನೂ ಬಿಡುವಿಲ್ಲದೆ ಸುಟ್ಟು ಮುಗಿಸುವುದು ಲಾಭಕರ. ಕೊನೆಯ ರೊಟ್ಟಿಗೆ ಒಲೆಯನ್ನು ಆರಿಸಿದರೂ ತವೆಯ ಬಿಸಿಯೇ ಸಾಕು.

ಇಡ್ಲಿಪಾತ್ರೆಯಲ್ಲಿ ಎರಡು ಬೆರಳಿನಷ್ಟು ನೀರಿದ್ದರೆ ಸಾಕು. ತಟ್ಟೆಗಳಿಗೆ ಹಿಟ್ಟು ಹೊಯ್ಯುವಷ್ಟರಲ್ಲಿ ಅದು ಕಾಯುತ್ತದೆ. ಆವಿ ಬಂದ ಮೇಲೆ ಉರಿ ತಗ್ಗಿಸಬೇಕು. ಒಗ್ಗರಣೆಯ ಪುಟ್ಟ ಸೌಟನ್ನು ಇಂಡಕ್ಷನ್ ಒಲೆಯು ಗುರುತಿಸದೆ ಇರಬಹುದು. ದೊಡ್ಡ ಪಾತ್ರೆಯಲ್ಲಿಯೇ ಮೊದಲು ಒಗ್ಗರಣೆ ಮಾಡಿ, ಅದಕ್ಕೇ ಬೆಂದ ಬೇಳೆಯನ್ನು ಸೇರಿಸುವುದು ಇದಕ್ಕೆ ಪರಿಹಾರ.

ಹಾಲಿನ ವಿಷಯದಲ್ಲಿಯೂ ಗಮನ ಬೇಕು. ಅನೇಕ ಇಂಡಕ್ಷನ್ ಒಲೆಗಳು ಕಡಿಮೆ ಉರಿಯಲ್ಲಿ ಸತತವಾಗಿ ಕೆಲಸ ಮಾಡದೆ, ಕೆಲವು ಸೆಕೆಂಡು ಹೆಚ್ಚು ಶಕ್ತಿಯಲ್ಲಿ ಉರಿದು ಕೆಲವು ಸೆಕೆಂಡು ನಿಲ್ಲುತ್ತವೆ. ಉರಿ ತಗ್ಗಿಸಿದೆಯೆಂದು ಬಿಟ್ಟುಹೋದರೆ ಹಾಲು ಉಕ್ಕೀತು. ಪಾಶ್ಚರೀಕರಿಸಿದ ಪೊಟ್ಟಣದ ಹಾಲನ್ನು ಬಹಳ ಹೊತ್ತು ಕುದಿಸಬೇಕಾದ ಅಗತ್ಯವೂ ಇಲ್ಲ.

ಅನಿಲವೋ ವಿದ್ಯುತ್ತೋ?

ಯಾವುದು ಅಗ್ಗ ಎಂಬ ಪ್ರಶ್ನೆಗೆ ಎಲ್ಲ ಊರುಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ಪ್ರತಿ ಮನೆಯವರೂ ತಮ್ಮ ಉತ್ತರವನ್ನು ತಾವೇ ಕಂಡುಕೊಳ್ಳಬಹುದು. 14.2 ಕಿಲೋಗ್ರಾಂ ಸಿಲಿಂಡರಿನ ಅನಿಲದಲ್ಲಿ ಸುಮಾರು 180 ಯೂನಿಟ್‌ಗೆ ಸಮನಾದ ಶಾಖವಿದೆ. ಅದರಲ್ಲಿ ಮೂರನೆಯ ಎರಡು ಭಾಗದಷ್ಟು ಪಾತ್ರೆಗೆ ಸೇರುತ್ತದೆಂದು ಇಟ್ಟುಕೊಂಡರೆ, ಅಷ್ಟೇ ಅಡಿಗೆಗೆ ಇಂಡಕ್ಷನ್ ಒಲೆಗೆ ಸುಮಾರು 140 ಯೂನಿಟ್ ಬೇಕು. ಬಿಲ್ಲಿನಲ್ಲಿ ತಮಗೆ ಬೀಳುವ ಮೇಲಿನ ಹಂತದ ಯೂನಿಟ್ ದರವನ್ನು 140ರಿಂದ ಗುಣಿಸಿ, ಸಿಲಿಂಡರಿನ ಬೆಲೆಯೊಡನೆ ಹೋಲಿಸಿದರೆ ಉತ್ತರ ದೊರೆಯುತ್ತದೆ.

ಉಳಿತಾಯವನ್ನು ಅಳೆಯುವ ಬಗೆಯೂ ಸರಳ. ಒಂದು ವಾರ ಎಂದಿನಂತೆ ಅಡಿಗೆ ಮಾಡಿ, ವಾರದ ಆದಿ ಅಂತ್ಯಗಳಲ್ಲಿ ಮೀಟರಿನ ಅಂಕೆಯನ್ನು ಬರೆದಿಡಬೇಕು. ಮುಂದಿನ ವಾರ ಮುಚ್ಚಳ, ಸಣ್ಣ ಉರಿ, ಕುಕ್ಕರುಗಳ ನಿಯಮಗಳನ್ನು ಪಾಲಿಸಿ ಮತ್ತೆ ಅಂಕೆಯನ್ನು ನೋಡಬೇಕು. ಉಳಿದ ಉಪಕರಣಗಳ ಬಳಕೆ ಒಂದೇ ತೆರನಾಗಿದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಸುರಕ್ಷತೆ

ಉಳಿತಾಯಕ್ಕಿಂತ ಜೀವ ದೊಡ್ಡದು. 2000 ವಾಟ್‌ನ ಒಲೆಯು 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅದನ್ನು ದೀಪ, ರೇಡಿಯೋಗಳಿಗಾಗಿ ಇರುವ 6 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿದರೆ ತಂತಿ ಕಾದು ಬೆಂಕಿ ಹತ್ತುವ ಅಪಾಯವಿದೆ. 16 ಆಂಪಿಯರ್ ಸಾಕೆಟ್, ಮೂರು ಕಡ್ಡಿಯ ಪ್ಲಗ್ ಮತ್ತು ಸರಿಯಾದ ಭೂಸಂಪರ್ಕ ಅತ್ಯವಶ್ಯ. ಹಳೆಯ ಕಟ್ಟಡಗಳಲ್ಲಿ ಬಾಡಿಗೆಗೆ ಇರುವವರು ಪರವಾನಗಿ ಪಡೆದ ಕೆಲಸಗಾರರಿಂದ ತಂತಿಗಳನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಒಲೆಯನ್ನು ಉದ್ದನೆಯ ಎಕ್ಸ್‌ಟೆನ್ಷನ್ ತಂತಿಯಿಂದ ನಡೆಸಕೂಡದು.

ಬರಿಯ ತಂತಿಸುರುಳಿಯ ಹಳೆಯ ಒಲೆಗಳಲ್ಲಿ ಉಕ್ಕಿದ ಹಾಲು ಅಥವಾ ಲೋಹದ ಸೌಟು ಸುರುಳಿಗೆ ತಗಲಿದರೆ ಆಘಾತವಾಗಬಹುದು; ಅಂತಹ ಒಲೆಯನ್ನು ಬಿಟ್ಟು ಮುಚ್ಚಿದ ಒಲೆಯನ್ನು ಬಳಸುವುದೇ ಕ್ಷೇಮ. ಇಂಡಕ್ಷನ್ ಒಲೆಯ ಕೆಳಗಿನ ಗಾಳಿಕಿಂಡಿಗಳಿಗೆ ಬಟ್ಟೆ, ಕಾಗದ ಅಡ್ಡವಾಗಬಾರದು. ಅಡಿಗೆ ಮುಗಿದ ಮೇಲೆ ಒಳಗಿನ ಫ್ಯಾನು ನಿಂತ ಬಳಿಕವೇ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರ ಸಲಹೆ ಪಡೆಯಬೇಕು ಹಾಗೂ ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ ಸುಮಾರು 60 ಸೆಂಟಿಮೀಟರ್ ದೂರವಿರಬೇಕು. ಉಪಕರಣ ಕೊಳ್ಳುವಾಗ ಐ.ಎಸ್.ಐ. ಗುರುತನ್ನು ತಪ್ಪದೆ ನೋಡಬೇಕು.

ಮನೆಯ ಉಳಿತಾಯ, ದೇಶದ ಉಳಿತಾಯ

ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಒಂದು ಯೂನಿಟ್ ಉತ್ಪಾದನೆಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯಬೇಕು. ತೊಗರಿಬೇಳೆಯ ಲೆಕ್ಕದಲ್ಲಿ ತಿಂಗಳಿಗೆ ಉಳಿದ 18 ಯೂನಿಟ್ ಎಂದರೆ ಸುಮಾರು 12.6 ಕಿಲೋಗ್ರಾಂ ಕಲ್ಲಿದ್ದಲಿನ ಉಳಿತಾಯ. ವಿದ್ಯುತ್ ಬೇಡಿಕೆ ಏರುವ ಸಂಜೆಯ ಹೊತ್ತಿನಲ್ಲಿಯೇ ರಾತ್ರಿಯ ಅಡಿಗೆಯೂ ನಡೆಯುವುದರಿಂದ ಈ ಉಳಿತಾಯಕ್ಕೆ ಇನ್ನಷ್ಟು ಮಹತ್ವವಿದೆ.

1991ರಿಂದ ಪ್ರತಿವರ್ಷ ಡಿಸೆಂಬರ್ 14ನ್ನು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಕಾಯ್ದೆ, ಸಂಸ್ಥೆಗಳು ದಾರಿ ತೋರಬಲ್ಲವು. ಪಾತ್ರೆಗೆ ಮುಚ್ಚಳವಿಡುವ ಕೆಲಸ ಮಾತ್ರ ಮನೆಯವರದೇ. ಇದಕ್ಕೆ ಹೊಸ ಉಪಕರಣವಾಗಲಿ ಹೆಚ್ಚಿನ ವೆಚ್ಚವಾಗಲಿ ಬೇಡ. ಪಾತ್ರೆಗೆ ತಕ್ಕ ಮುಚ್ಚಳ, ಕುದಿ ಬಂದೊಡನೆ ತಗ್ಗಿಸಿದ ಉರಿ, ಸಕಾಲದಲ್ಲಿ ಆರಿಸಿದ ಒಲೆ: ಈ ಮೂರನ್ನು ರೂಢಿಸಿಕೊಂಡರೆ ಊಟದ ರುಚಿಗೆ ಕುಂದಿಲ್ಲದೆ ತಿಂಗಳ ಬಿಲ್ಲು ಹತೋಟಿಗೆ ಬರುತ್ತದೆ.